ಮರೆಪ್ಪ ಮಿಸ್ತ್ರಿಯ ಕಲ್ಲಿನ ಡಬ್ಬಿ

ಮರೆಪ್ಪ ಮಿಸ್ತ್ರಿ ಏನನ್ನು ಕಂಡರೂ ಮೊದಲು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದರು. ತಟ್ಟಿ, ತಲೆಯನ್ನು ಎಡಕ್ಕೆ ವಾಲಿಸಿ, ಕಣ್ಣು ಅರೆ ಮುಚ್ಚಿ ಕೇಳುತ್ತಿದ್ದರು. ಕಲ್ಲಂಗಡಿಯನ್ನು ಎಲ್ಲರೂ ತಟ್ಟುತ್ತಾರೆ, ಅದೇನು ದೊಡ್ಡದಲ್ಲ. ಇವರು ಚಹದಂಗಡಿಯ ಬೆಂಚನ್ನು ತಟ್ಟಿಯೇ ಕೂರುತ್ತಿದ್ದರು. ಯಾರದಾದರೂ ಮನೆಗೆ ಹೋಗಿ ಕದ ಬಡಿದರೆ, ಒಳಗಿನವರು ಎದ್ದು ಬಂದು ತೆರೆಯುವಷ್ಟರಲ್ಲಿ ಆ ಕದ ಯಾವ ಕಟ್ಟಿಗೆಯದು, ಎಲ್ಲಿ ಹುಳ ತಿಂದಿದೆ ಎಂದು ಹೇಳಿಬಿಡುತ್ತಿದ್ದರು. ನನ್ನ ಅಂಬಾಸಡರ್ ಕಾರನ್ನು ಮೊದಲ ಸಲ ಕಂಡಾಗ ನನ್ನ ಮುಖ ಕೂಡ ನೋಡಲಿಲ್ಲ. ನಾಲ್ಕೂ ಬಾಗಿಲುಗಳನ್ನು ಒಂದೊಂದಾಗಿ ತಟ್ಟಿ, "ಎಡಗಡಿ ಹಿಂದಿನ ಬಾಗಲಾ ಒಮ್ಮೆ ಜಜ್ಜಿ ಹೋಗ್ಯದ. ಬಡದು ಸೀದಾ ಮಾಡ್ಯಾರ. ಮಾರಿದಾಂವ ಹೇಳಿಲ್ಲೇನು ತಮ್ಮಾ?" ಎಂದರು. ಮಾರಿದವನು ಹೇಳಿರಲಿಲ್ಲ. ಕಾರು ಕೊಂಡು ಆಗ ಮೂರು ತಿಂಗಳಾಗಿತ್ತು. ಆ ದಿನ ನನಗೆ ಊಟ ಸೇರಲಿಲ್ಲ.

ಒಂದನ್ನು ಮಾತ್ರ ಅವರು ಯಾರಿಗೂ ತಟ್ಟಲು ಬಿಡುತ್ತಿರಲಿಲ್ಲ. ಅದು ಅವರ ಎದೆ. ಕೆಮ್ಮು ಹತ್ತಿದಾಗ ಅವರ ಹೆಂಡತಿ ಸಿದ್ದಮ್ಮ ಬೆನ್ನು ತಟ್ಟಲು ಬಂದರೂ ಕೈ ಸರಿಸಿಬಿಡುವರು. "ಸುಮ್ನಿರು, ಅದು ತಾನೇ ನಿಲ್ತದ" ಎನ್ನುವರು. ಆ ಎದೆಯೊಳಗೆ ಏನಾಗಿದೆ ಎಂಬ ಚಿಂತೆಯನ್ನು ನಾನು ಎರಡು ವರ್ಷ ಹೊತ್ತು ತಿರುಗಿದೆ. ಅದರಲ್ಲಿ ನನ್ನ ಪಾಲು ಎಷ್ಟು ಎಂಬ ಚಿಂತೆಯನ್ನು ಇಂದಿಗೂ ಇಳಿಸಲಾಗಿಲ್ಲ.

ಚಿಂತೆಯ ವಿಷಯಕ್ಕೆ ಬಂದರೆ ನಾನು ಸ್ವಲ್ಪ ನನ್ನ ಬಗ್ಗೆಯೂ ಹೇಳಬೇಕು. ನಾನು ಹುಟ್ಟಾ ಪುಕ್ಕಲ. ಶಹಾಬಾದಿನಲ್ಲಿ ಟ್ಯಾಕ್ಸಿ ಓಡಿಸಿ ಸಂಸಾರ ನಡೆಸಿದವನು ನಿಜ, ಆದರೆ ಕಾರಿನೊಳಗೆ ಎಲ್ಲಾದರೂ ಟಕ್ ಎಂದರೆ ಸಾಕು, ನನ್ನ ಎದೆ ಧಸಕ್ ಎನ್ನುತ್ತಿತ್ತು. ಟೈರಿನ ಗಾಳಿ ಇಳಿದಿದೆಯೇನೋ, ರೇಡಿಯೇಟರ್ ಒಣಗಿದೆಯೇನೋ, ಮನೆಯಲ್ಲಿ ಒಲೆ ಆರಿಸಿದ್ದೇವೋ ಇಲ್ಲವೋ. ನನ್ನ ಹೆಂಡತಿ, "ನಿಮಗ ಫಿಕರ್ ಮಾಡ್ಲಿಕ್ಕೆ ಏನೂ ಸಿಗಲಿಲ್ಲಂದ್ರ ಅದಕ್ಕೂ ಫಿಕರ್ ಮಾಡ್ತೀರಿ" ಎಂದು ನಗುತ್ತಿದ್ದಳು. ಎಂಬತ್ತರ ದಶಕದ ಮೊದಲಲ್ಲಿ ನನಗೆ ಹತ್ತಿದ ದೊಡ್ಡ ಫಿಕರ್ ಹಾಡಿನದು. ವಾಡಿ ಸ್ಟೇಷನ್ನಿನ ಮುಂದೆ ನಿಲ್ಲುತ್ತಿದ್ದ ಒಬ್ಬ ಟ್ಯಾಕ್ಸಿಯವನು ತನ್ನ ಕಾರಿಗೆ ಕ್ಯಾಸೆಟ್ ಸೆಟ್ ಹಾಕಿಸಿದ. ಅಷ್ಟೇ ನೋಡಿ, ಚಿತ್ತಾಪುರ, ಸೇಡಂ, ನಾಲವಾರದ ಕಡೆಯ ಮದುವೆ ಬಾಡಿಗೆಗಳೆಲ್ಲ ಅವನ ಬಾಗಿಲಿಗೆ ಹೋದವು. ಮದುಮಗ ಹಾಡು ಕೇಳುತ್ತ ಬರಬೇಕಂತೆ! ನನ್ನ ಕಾರು ಎಷ್ಟು ತೊಳೆದರೂ ಮೂಕ ಬಸವ. ಮದುವೆಯ ಹಂಗಾಮು ಹೀಗೇ ಹೋದರೆ ಕಾರನ್ನೇ ಕಳೆದುಕೊಳ್ಳುತ್ತೇನೆಂಬ ಭಯ ಹತ್ತಿತು. ಆಗ ಯಾರೋ ಹೇಳಿದರು, ಭಂಕೂರಿಗೆ ಹೋಗು, ಅಲ್ಲಿ ಮರೆಪ್ಪ ಮಿಸ್ತ್ರಿ ಇದ್ದಾರೆ, ಆವಾಜಿನ ವಿಷಯದಲ್ಲಿ ಅವರ ಮುಂದೆ ಯಾರೂ ಇಲ್ಲ ಎಂದು.

ಭಂಕೂರು ಶಹಾಬಾದಿನ ಮಗ್ಗುಲಲ್ಲೇ ಇರುವ ಊರು. ಅವರ ಮನೆಯ ಪಕ್ಕದಲ್ಲಿ ತಗಡಿನ ಒಂದು ಶೆಡ್ಡು, ಶೆಡ್ಡಿನ ತುಂಬ ಹೊಟ್ಟೆ ಬಿಚ್ಚಿದ ರೇಡಿಯೋಗಳು. ಮಿಸ್ತ್ರಿ ಒಂದು ಹಳೆಯ ರೇಡಿಯೋದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ನಾನು ಹೋದ ಗಳಿಗೆಗೆ ಸರಿಯಾಗಿ ಅದರೊಳಗೆ ಬಾಯಿ ಇಟ್ಟು "ಉಫ್" ಎಂದು ಊದಿದರು ನೋಡಿ, ವರ್ಷಗಳ ಧೂಳು ಮೇಲಿನ ತಗಡಿನವರೆಗೆ ಹಾರಿತು. ಬೆಸುಗೆ ಹಾಕುವ ಕಬ್ಬಿಣವನ್ನು ಅವರು ಇದ್ದಿಲ ಒಲೆಯಲ್ಲಿ ಕಾಯಿಸುತ್ತಿದ್ದರು. ಒಲೆಗೂ ಹಾಗೇ ಒಂದೇ ಊದು, ಕೆಂಡ ಕೆಂಪಗೆ ಹೊಳೆಯುತ್ತಿತ್ತು. ಆ ಉಸಿರನ್ನು ನಾನು ಆಗ ಲಕ್ಷ್ಯ ಕೊಟ್ಟು ನೋಡಿರಲಿಲ್ಲ. ಅದು ಇಲ್ಲವಾದ ಮೇಲೆ ಎಲ್ಲ ನೆನಪಾಯಿತು.

ಅವರು ಹುಟ್ಟಾ ರೇಡಿಯೋದವರಲ್ಲ. ಅವರ ಅಪ್ಪ, ಅಜ್ಜ ಎಲ್ಲರೂ ಶಹಾಬಾದಿನ ಕಲ್ಲಿನ ಗಣಿಗಳಲ್ಲಿ ದುಡಿದವರು. ಇವರೂ ಹನ್ನೆರಡು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸಿದ್ದರು. ಆ ಕಲ್ಲು ಭೂಮಿಯೊಳಗೆ ಪದರು ಪದರಾಗಿ ಮಲಗಿರುತ್ತದೆ, ಉಳಿ ಇಟ್ಟು ಬಡಿದರೆ ಹಾಳೆಯಂತೆ ಏಳುತ್ತದೆ. ಎದ್ದ ಕಲ್ಲನ್ನು ತಟ್ಟಿ ನೋಡುವುದು ಅವರ ಕೆಲಸ. ಒಳಗೆ ಬಿರುಕಿಲ್ಲದಿದ್ದರೆ ಘಣ್ ಎನ್ನುತ್ತದೆ. ಬಿರುಕಿದ್ದರೆ ಡಬ್. ಕಣ್ಣಿಗೆ ಕಾಣದ ಬಿರುಕು ಅವರ ಕಿವಿಗೆ ಕಾಣುತ್ತಿತ್ತು. ಒಂದು ದಿನ ಕಲ್ಲು ಜಾರಿ ಬಲಗಾಲಿನ ಎರಡು ಬೆರಳು ಹೋದವು. ಗಣಿ ಬಿಟ್ಟು, ವಾಡಿಯ ಒಂದು ರೇಡಿಯೋ ಅಂಗಡಿಯಲ್ಲಿ ಕೂತು ಕೆಲಸ ಕಲಿತರು. ಕಾಲ್ಬೆರಳು ಹೋದರೂ ಕಿವಿ ಜೊತೆಗೆ ಬಂತು ಎನ್ನುತ್ತಿದ್ದರು.

ನನ್ನ ಸಂಕಟ ಕೇಳಿ ಅವರು, "ನಿನಗ ಆವಾಜ ಬೇಕೋ, ಗದ್ದಲ ಬೇಕೋ?" ಎಂದರು.

"ಎರಡರಾಗ ಫರಕ್ ಏನದ ರಿ ಮಿಸ್ತ್ರಿ? ವಾಡಿ ಕಾರಿನಾಂವನಕಿಂತಾ ಜೋರ ಕೇಳಿಸಿದ್ರ ಸಾಕು."

ಅವರು ನನ್ನನ್ನು ಕನಿಕರದಿಂದ ನೋಡಿದರು. "ನಿನ್ನ ಕಿವಿ ಇನ್ನಾ ಕಣ್ಣು ತೆರದಿಲ್ಲೋ ತಮ್ಮಾ" ಎಂದರು. ಹುಟ್ಟಿದ ನಾಯಿಮರಿಗೆ ಹೇಳುವಂತೆ. ಈ ಮಾತನ್ನು ಅವರ ಬಾಯಿಂದ ಆಮೇಲೆ ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಸ್ಪೀಕರ್ ತರಲು ಇಬ್ಬರೂ ವಾಡಿಯಲ್ಲಿ ಪ್ಯಾಸೆಂಜರ್ ಹತ್ತಿ ಹೈದರಾಬಾದಿಗೆ ಹೋದೆವು. ಅಂಗಡಿಯವನು ಬೆಳ್ಳಿಯಂತೆ ಹೊಳೆಯುವ ಒಂದು ದೊಡ್ಡ ಸ್ಪೀಕರನ್ನು ಹಚ್ಚಿದ. ಗಾಜಿನ ಕಪಾಟೇ ನಡುಗಿತು. ನಾನಂತೂ ಮನಸೋತೆ, ಕೈ ಆಗಲೇ ಜೇಬಿಗೆ ಹೋಗಿತ್ತು. ಮಿಸ್ತ್ರಿ ಮಾತ್ರ, "ಕಮ್ಮಿ ಮಾಡ್ರಿ" ಎಂದರು. ಕಮ್ಮಿ ಮಾಡಿದ. "ಇನ್ನಾ ಕಮ್ಮಿ." ಮಾಡಿದ. "ಇನ್ನಾ ಜರಾ." ಕೊನೆಗೆ ಅದು ಪಿಸುಗುಟ್ಟುವ ಮಟ್ಟಕ್ಕೆ ಬಂತು. ಅಂಗಡಿಯವನು ನಮ್ಮನ್ನು ಹುಚ್ಚರೆಂದು ನೋಡತೊಡಗಿದ. ಮಿಸ್ತ್ರಿ ತಲೆ ವಾಲಿಸಿ ಕೇಳಿ, ಇದು ಬೇಡ ಎಂದರು. ಹೀಗೆ ಐದಾರು ಆದವು. ಕಡೆಗೆ ಮೂಲೆಯಲ್ಲಿದ್ದ, ಚೌಕಟ್ಟಿನ ಬಣ್ಣ ಕೆತ್ತಿಹೋಗಿದ್ದ ಒಂದನ್ನು ಎತ್ತಿಕೊಂಡರು. ಎರಡೂ ಹೆಬ್ಬೆರಳಿನಿಂದ ಅದರ ಕಾಗದದ ಬಟ್ಟಲನ್ನು ಮೆಲ್ಲಗೆ ಒತ್ತಿದರು, ಬಿಟ್ಟರು. ಎಲ್ಲೂ ಕೆರೆಯದೆ ನೆಟ್ಟಗೆ ಹೋಗಿ ನೆಟ್ಟಗೆ ಬಂತು. ಹಿಂದಿನ ಅಯಸ್ಕಾಂತವನ್ನು ಅಂಗೈಯಲ್ಲಿ ತೂಗಿ ನೋಡಿದರು.

"ಸಣ್ಣ ಆವಾಜನ್ಯಾಗ ಖರೇ ಮಾತಾಡೋದು ದೊಡ್ಡ ಆವಾಜನ್ಯಾಗೂ ಖರೇ ಮಾತಾಡ್ತದ" ಎಂದು ನನಗೆ ಹೇಳಿದರು. "ಇದನ್ನ ತಗೋ."

"ಮಿಸ್ತ್ರಿ, ಇದು ಹಳೀದ ಇದ್ದಂಗ ಅದಲ್ರಿ. ಬಣ್ಣಾನೂ ಹೋಗ್ಯದ."

"ಡಿಕ್ಕಿಯೊಳಗ ಕತ್ತಲಿ ಇರ್ತದೋ. ಬಣ್ಣ ಯಾರ ನೋಡ್ತಾರ?"

ಆಂಪ್ಲಿಫೈಯರನ್ನು ತಾವೇ ಕಟ್ಟುತ್ತೇನೆಂದರು. ಸ್ಪೀಕರಿಗೆ ಬೇಕಾದುದಕ್ಕಿಂತ ದೊಡ್ಡದೇ ಇರಬೇಕಂತೆ. "ಸಣ್ಣ ಆಂಪ್ಲಿಫೈಯರ್ ಗಂಟಲ ಹರಕೊಂಡು ಒದರ್ತದ. ಒದರಿ ಒದರಿ ಸ್ಪೀಕರ್ ಸುಡ್ತದ. ದೊಡ್ಡದು ಕುಂತಲ್ಲೇ ಸಮಾಧಾನದಿಂದ ಮಾತಾಡ್ತದ." ರೈಲಿನಲ್ಲಿ ವಾಪಸು ಬರುವಾಗ ಸ್ಪೀಕರನ್ನು ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ನಾನು ತಾಂಡೂರಿನಿಂದ ಸೇಡಂವರೆಗೆ ಆ ಕೆತ್ತಿಹೋದ ಬಣ್ಣವನ್ನೇ ನೋಡುತ್ತ, ಮೋಸಹೋದೆನೇನೋ ಎಂದು ಬೆವರುತ್ತ ಬಂದೆ.

ನಿಜವಾದ ಕಥೆ ಶುರುವಾದದ್ದು ಸ್ಪೀಕರ್ ಕೂರಿಸುವ ಡಬ್ಬಿಯಿಂದ. ಎಲ್ಲರೂ ಅದನ್ನು ಕಟ್ಟಿಗೆಯಲ್ಲಿ ಮಾಡಿಸುತ್ತಿದ್ದರು. ಮಿಸ್ತ್ರಿ ನನಗಾಗಿ ಮೊದಲು ಕಟ್ಟಿಗೆಯ ಒಂದು ಡಬ್ಬಿ ಮಾಡಿ, ಹಾಡು ಹಚ್ಚಿ, ಅದರ ಮೈಮೇಲೆ ಅಂಗೈ ಇಟ್ಟು ನಿಂತರು. ಮುಖ ಕಿವುಚಿದರು. "ಡಬ್ಬಿನೂ ಹಾಡ್ಲಿಕತ್ತದ" ಎಂದರು. "ಡಬ್ಬಿ ಹಾಡಬಾರದು. ಸ್ಪೀಕರ್ ಹಾಡಬೇಕು, ಡಬ್ಬಿ ಸುಮ್ನ ಕುಂದ್ರಬೇಕು. ಸುಮ್ನ ಕುಂದ್ರೋದು ಕಲ್ಲಿಗಷ್ಟ ಗೊತ್ತದ." ಮರುದಿನ ಹೋದರೆ ಶೆಡ್ಡಿನ ಮುಂದೆ ಫರಸಿ ಕಲ್ಲುಗಳು ಬಂದು ಬಿದ್ದಿದ್ದವು.

ಕಾರಿನ ಡಿಕ್ಕಿಯಲ್ಲಿ ಕಲ್ಲಿನ ಡಬ್ಬಿ! ನಾನು ಹೌಹಾರಿದೆ. ಭಾರಕ್ಕೆ ಹಿಂದಿನ ಸ್ಪ್ರಿಂಗಿನ ಪಾಟಾ ಮುರಿದರೆ? ಉಬ್ಬಿನಲ್ಲಿ ಹಾರಿ ಒಡೆದರೆ? ಪೊಲೀಸರು ನಿಲ್ಲಿಸಿ ಇದೇನು ಎಂದರೆ ಏನು ಹೇಳಲಿ? ಮಿಸ್ತ್ರಿ ನನ್ನ ಪ್ರಶ್ನೆಗಳಿಗೆ ಉತ್ತರ ಕೊಡದೆ ಕಲ್ಲು ತಟ್ಟುತ್ತ ಕೂತಿದ್ದರು. ಇಪ್ಪತ್ತಕ್ಕೂ ಹೆಚ್ಚು ಕಲ್ಲು ತಟ್ಟಿ ಆರು ಆರಿಸಿದರು.

ಐದು ಕಲ್ಲು ಸುಲಭ. ಆರನೆಯದು ಮುಂದಿನದು, ಸ್ಪೀಕರ್ ಕೂರುವುದು. ಅದರ ನಡುವೆ ದುಂಡಗೆ ತೂತು ಕೊರೆಯಬೇಕು. ಉಳಿಯಿಂದ ಚೂರು ಚೂರೇ ಕೆತ್ತಬೇಕು, ಆಮೇಲೆ ಅಂಚನ್ನು ಉಜ್ಜಿ ಉಜ್ಜಿ ನುಣುಪು ಮಾಡಬೇಕು. ಕಲ್ಲು ಕೊರೆಯುವವರು ಧೂಳು ಏಳದಂತೆ ನೀರು ಚಿಮುಕಿಸಿಕೊಂಡು ಕೊರೆಯುತ್ತಾರೆ. ಮಿಸ್ತ್ರಿಯೂ ಹಾಗೇ ಶುರುಮಾಡಿದರು. ಆದರೆ ನೀರು ಹಾಕಿದ ಕಲ್ಲನ್ನು ತಟ್ಟಿ ನೋಡಲು ಬರುವುದಿಲ್ಲ. "ಹಸಿ ಕಲ್ಲು ಸುಳ್ಳು ಹೇಳ್ತದ" ಎನ್ನುತ್ತಿದ್ದರು. ಎಲ್ಲಿ ಬಿರುಕು ಹುಟ್ಟುತ್ತಿದೆ ಎಂದು ತಿಳಿಯಬೇಕಾದರೆ ಪ್ರತಿ ಸಲ ಕಲ್ಲು ಒಣಗುವ ತನಕ ಕಾಯಬೇಕು. ಒಂದು ದಿನ ಕೊರೆದರೆ ಒಂದು ದಿನ ಬಿಸಿಲಿಗೆ ಇಡಬೇಕು.

ನನಗೆ ಅಷ್ಟು ದಿನ ಇರಲಿಲ್ಲ. ಮಳಖೇಡದ ಒಂದು ಮನೆಯವರು, ಹಾಡಿನ ಸೆಟ್ ಹಾಕಿಸುತ್ತಿದ್ದೇನೆ ಎಂಬ ನನ್ನ ಮಾತಿನ ಮೇಲೆಯೇ ಮಗನ ಮದುವೆಗೆ ನನ್ನ ಕಾರನ್ನು ಗೊತ್ತುಮಾಡಿದ್ದರು. ಮದುವೆ ಚಿಂಚೋಳಿಯಲ್ಲಿ. ವಾಡಿಯ ಕಾರಿನವನನ್ನು ಬಿಟ್ಟು ನನ್ನ ಬಳಿ ಬಂದ ಮೊದಲ ಬಾಡಿಗೆ ಅದು. ದಿನಾ ಬೆಳಿಗ್ಗೆ ಭಂಕೂರಿಗೆ ಹೋಗಿ, "ಆಯ್ತೇನ್ರಿ ಮಿಸ್ತ್ರಿ? ಇನ್ನಾ ಎಷ್ಟ ದಿನ ರಿ? ನನ್ನ ಮರ್ಯಾದಿ ಪ್ರಶ್ನಿ ಅದ ರಿ" ಎಂದು ಅವರ ತಲೆ ತಿನ್ನುತ್ತಿದ್ದೆ. ಮೊದಲ ಕಲ್ಲು ತೂತು ಮುಗಿಯುವ ಹೊತ್ತಿಗೆ ಒಡೆಯಿತು. ಅದರ ಬದಲಿಗೆ ತಂದ ಎರಡನೆಯದೂ ಒಡೆಯಿತು. ನಾನು ಅಲ್ಲೇ ತಲೆಗೆ ಕೈಹಚ್ಚಿ ಕೂತು ಅಳುವುದೊಂದು ಬಾಕಿ. ಮಿಸ್ತ್ರಿ ನನ್ನನ್ನು ನೋಡಿದರು, ಮೂರನೆಯ ಕಲ್ಲನ್ನು ತೊಡೆಗೆ ಎಳೆದುಕೊಂಡರು. ನೀರಿನ ತಂಬಿಗೆಯನ್ನು ಕಾಲಿನಿಂದ ಆಚೆ ತಳ್ಳಿದರು.

"ಒಣಾನೇ ಕೊರೀತೀನಿ. ಆವಾಜ ಕೇಳಕೋತ ಕೊರದ್ರ ಒಡ್ಯಾಂಗಿಲ್ಲ. ನಿನ್ನ ಮದಿವಿಗಿ ಆಗ್ತದ, ಹೋಗು."

ಕಟ್ಟಿಗೆಯ ಡಬ್ಬಿಯಿಂದ ಹಿಡಿದು ಎಲ್ಲ ಸೇರಿ ತಿಂಗಳ ಮೇಲಾಯಿತು. ಅದರಲ್ಲಿ ಹದಿನೆಂಟು ದಿನ ಅವರು ಆ ತಗಡಿನ ಶೆಡ್ಡಿನೊಳಗೆ ಕೂತು ಒಣ ಕಲ್ಲು ಕೊರೆದರು. ನಾನು ಹೋದಾಗಲೆಲ್ಲ ಅವರ ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬೂದು ಬಣ್ಣ. ಕೆಮ್ಮುತ್ತಿದ್ದರು. ಸಿದ್ದಮ್ಮ ಒಮ್ಮೆ ನನ್ನನ್ನು ಹೊರಗೆ ಕರೆದು, "ಗಣಿ ಬಿಟ್ಟಮ್ಯಾಲ ಈ ಕೆಮ್ಮು ಕಮ್ಮಿ ಆಗಿತ್ತಪ್ಪಾ. ಈಗ ಮತ್ತ ಹತ್ಯದ. ನೀನರೆ ಜರಾ ಹೇಳು" ಎಂದರು. ನಾನು ಒಳಗೆ ಹೋದೆ. ಹೇಳಿದೆನೇ? "ಮಿಸ್ತ್ರಿ, ನಾಡಿದ್ದಿಗೆ ಆಗ್ತದಲ್ರಿ?" ಎಂದೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಡಬ್ಬಿ ಆಯಿತು. ನಾಲ್ಕು ಜನ ಹೊತ್ತು ಡಿಕ್ಕಿಯಲ್ಲಿಟ್ಟೆವು. ಮಿಸ್ತ್ರಿ ಅದನ್ನು ಕಬ್ಬಿಣದ ಪಟ್ಟಿ ಹಾಕಿ, ನಟ್ಟು ಬಿಗಿದು ಅಲುಗದಂತೆ ಕೂರಿಸಿದರು. ಬ್ಯಾಟರಿಯಿಂದ ಬೆರಳು ದಪ್ಪದ ವೈರು ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿದರು. ಆಮೇಲೆ ಹಾಡು ಹಚ್ಚಿದರು. ನಾನೇನು ಹೇಳಲಿ! ಅಷ್ಟು ದಿನ ನಾನು ತಬಲಾ ಎಂದುಕೊಂಡದ್ದು ತಬಲಾದ ನೆರಳು. ಈಗ ಅದರ ಮೇಲೆ ಬಿದ್ದ ಅಂಗೈ, ಆ ಅಂಗೈ ಎತ್ತಿದ್ದು, ಎರಡೂ ಬೇರೆ ಬೇರೆ ಕೇಳಿದವು. ಕಿರುಚಾಟವಿಲ್ಲ, ಬಾಗಿಲು ನಡುಗಲಿಲ್ಲ, ಗಾಜು ಗಿಲಗುಟ್ಟಲಿಲ್ಲ. ಮಿಸ್ತ್ರಿ ಕಲ್ಲಿನ ಮೇಲೆ ಅಂಗೈ ಇಟ್ಟು ನಿಂತರು. ನನ್ನ ಕೈಯನ್ನೂ ಹಿಡಿದು ಇಡಿಸಿದರು. ಕಲ್ಲು ತಣ್ಣಗೆ, ಸುಮ್ಮನೆ ಕೂತಿತ್ತು.

ಮದುವೆಯ ದಿನ ಮಳಖೇಡಕ್ಕೆ ಹೋದೆ. ಮದುಮಗ ತಯಾರಾಗುತ್ತಿದ್ದ. ಬೀಗರು, ಹುಡುಗರು, ಕಾಗಿಣಾ ಹೊಳೆಯಿಂದ ಬಟ್ಟೆ ಒಗೆದು ಬರುತ್ತಿದ್ದ ಹೆಂಗಸರು, ಎಲ್ಲರೂ ಕಾರಿನ ಸುತ್ತ ನೆರೆದರು. ಇನ್ನೊಂದು ಹಾಡು, ಇನ್ನೊಂದು ಹಾಡು ಎಂದು ಎರಡು ತಾಸು. ಎಂಜಿನ್ ಬಂದ್ ಇತ್ತು. ನನಗೆ ಹೆಮ್ಮೆಯಿಂದ ತಲೆ ತಿರುಗಿತ್ತು. ಜೀವನದಲ್ಲಿ ಒಂದೇ ಒಂದು ದಿನ ಫಿಕರ್ ಮಾಡುವುದನ್ನು ಮರೆತೆ, ಅದೇ ದಿನ ಕೈಕೊಟ್ಟಿತು. ಹೊರಡುವ ಹೊತ್ತಿಗೆ ಕೀಲಿ ತಿರುವಿದರೆ ಟಿಕ್ ಎಂದಿತು, ಅಷ್ಟೇ. ಬ್ಯಾಟರಿ ಪೂರಾ ಖಾಲಿ.

ಹೋಗಲಿ, ಮುಂದಿನಿಂದ ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿದರಾಯಿತು ಎಂದು ಡಿಕ್ಕಿ ತೆಗೆದೆ. ಹ್ಯಾಂಡಲ್ ಇದ್ದದ್ದು ಕಲ್ಲಿನ ಡಬ್ಬಿಯ ಕೆಳಗೆ! ಮಿಸ್ತ್ರಿ ಡಬ್ಬಿಯನ್ನು ಅದರ ಮೇಲೇ ಕೂರಿಸಿ ನಟ್ಟು ಬಿಗಿದಿದ್ದರು. ನಾನೂ ನೋಡಿರಲಿಲ್ಲ, ಅವರೂ ನೋಡಿರಲಿಲ್ಲ. ಇಬ್ಬರ ಲಕ್ಷ್ಯವೂ ಆವಾಜಿನ ಮೇಲೆ. ಚಿಂಚೋಳಿಯಲ್ಲಿ ಹನ್ನೊಂದೂವರೆಗೆ ಅಕ್ಷತೆ. ಮದುಮಗನ ಅಪ್ಪ ನನ್ನ ವಂಶವನ್ನೆಲ್ಲ ನೆನೆದರು. ನೂಕಿದರೆ ಕಾರು ಅಲುಗಲೊಲ್ಲದು, ಹಿಂದೆ ಕಲ್ಲು ಕೂತಿದೆಯಲ್ಲ. ಕಡೆಗೆ ಮದುಮಗನೇ ಬಾಸಿಂಗ ಬಿಚ್ಚಿ ಅವ್ವನ ಕೈಗೆ ಕೊಟ್ಟು, ಪಂಜೆ ಎತ್ತಿಕಟ್ಟಿ ಎಲ್ಲರ ಜೊತೆ ನೂಕಿದ. ಕಾರು ಗುರ್ ಎಂದಿತು. ಚಿಂಚೋಳಿಯವರೆಗೆ ಹಾಡಿಲ್ಲ, ಮಾತಿಲ್ಲ. ಮದುಮಗನ ಹೊಸ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ಅಕ್ಷತೆ ಬೀಳಲು ಐದು ನಿಮಿಷ ಇರುವಾಗ ಮುಟ್ಟಿದೆವು.

ಸಿಟ್ಟಿನಿಂದ ಕುದಿಯುತ್ತ ಸೀದಾ ಭಂಕೂರಿಗೆ ಹೋದೆ. ನಡೆದದ್ದನ್ನೆಲ್ಲ ಒದರಿದೆ. ಮಿಸ್ತ್ರಿ ಎಲ್ಲ ಕೇಳಿ, "ಅದಿರ್ಲಿ. ಹಾಡ ಹ್ಯಾಂಗ ಕೇಳಿಸ್ತು?" ಎಂದರು.

"ಮಿಸ್ತ್ರಿ, ಮದುಮಗ ಗಾಡಿ ನೂಕ್ಯಾನ ರಿ!"

"ಅದು ನನ್ನ ತಪ್ಪು, ಹ್ಯಾಂಡಲ್ ಆಕಡಿ ಇಡ್ತೀನಿ. ಹಾಡ ಹ್ಯಾಂಗ ಕೇಳಿಸ್ತು, ಅದನ್ನ ಹೇಳು."

ಭಾಳ ಛಲೋ ಕೇಳಿಸಿತು ಎಂದೆ. ಸಿಟ್ಟು ಎಲ್ಲಿ ಹೋಯಿತೋ, ನಗು ಬಂತು. ಸಿದ್ದಮ್ಮ ಒಳಗಿನಿಂದ, "ಇಬ್ರೂ ಒಂದ ತೂಕದವರು" ಎಂದರು.

ನಟ್ಟು ಬಿಚ್ಚಿ ಹ್ಯಾಂಡಲ್ ಹೊರತೆಗೆದೆವು. ಎಳೆದಾಟದಲ್ಲಿ ಒಂದು ವೈರು ಕಿತ್ತಿತ್ತು, ಬೆಸುಗೆ ಹಾಕಬೇಕಿತ್ತು. ಮಿಸ್ತ್ರಿ ಇದ್ದಿಲ ಒಲೆಯ ಮುಂದೆ ಕೂತು ಊದಿದರು. ಕೆಂಡ ಕೆಂಪಾಗಲಿಲ್ಲ. ಮತ್ತೆ ಊದಿದರು. ಬಾಯಿಂದ ಬಂದದ್ದು ಉಸಿರಲ್ಲ, ಸಣ್ಣ ಸಿಳ್ಳೆಯಂಥ ಸದ್ದು. ಬೂದಿ ಕೂಡ ಹಾರಲಿಲ್ಲ. ಅವರು ನನ್ನತ್ತ ನೋಡದೆ, "ಹೊಗಿ ಕಣ್ಣಿಗಿ ಹತ್ಲಿಕತ್ತದ. ನೀ ಊದು" ಎಂದರು. ಹೊಗೆ ಇರಲಿಲ್ಲ. ಬಗ್ಗಿ ಊದಿದೆ. ಕೆಂಡ ಹೊಳೆಯಿತು.

ಆ ದಿನದಿಂದ ಅವರ ಬೆನ್ನು ಬಿದ್ದೆ. ಗುಲ್ಬರ್ಗಾಕ್ಕೆ ಹೋಗೋಣ, ಡಾಕ್ಟರಿಗೆ ತೋರಿಸೋಣ. ದಿನಕ್ಕೊಂದು ನೆಪ ಹೇಳುವರು. ಇವತ್ತು ಅಮಾವಾಸ್ಯೆ, ನಾಳೆ ಯಾರದೋ ರೇಡಿಯೋ ಕೊಡಬೇಕು, ನಾಡಿದ್ದು ಮೈ ಹಗುರಾಗಿದೆ. ನಡೆಯುವಾಗ ನಾಲ್ಕು ಹೆಜ್ಜೆಗೊಮ್ಮೆ ನಿಂತು, ಯಾವುದಾದರೂ ಗೋಡೆಯನ್ನು ತಟ್ಟುವ ಹಾಗೆ ಮಾಡುವರು. ಉಸಿರು ತೆಗೆದುಕೊಳ್ಳಲು ನಿಂತದ್ದೆಂದು ಯಾರಿಗೂ ತಿಳಿಯಬಾರದಲ್ಲ. ಹೀಗೇ ವರ್ಷ ಕಳೆಯಿತು. ಮದುವೆ ಬಾಡಿಗೆಗಳು ಸಾಲುಗಟ್ಟಿ ಬರುತ್ತಿದ್ದವು, ಕಲ್ಲಿನ ಡಬ್ಬಿಯ ಕಾರು ಎಂದೇ ಹೆಸರಾಗಿತ್ತು. ನನಗೆ ಮಾತ್ರ ಹಾಡು ಹಚ್ಚಿದಾಗಲೆಲ್ಲ ಅದರ ಹಿಂದೆ ಕೆಮ್ಮು ಕೇಳುತ್ತಿತ್ತು.

ಕೊನೆಗೆ ಒಂದು ಉಪಾಯ ಹೂಡಿದೆ. "ಮಿಸ್ತ್ರಿ, ನಿಂತ ಗಾಡ್ಯಾಗ ಕೇಳೀರಿ. ಓಡೋ ಗಾಡ್ಯಾಗ ನಿಮ್ಮ ಡಬ್ಬಿ ಹ್ಯಾಂಗ ಕೇಳಿಸ್ತದ, ಒಮ್ಮಿನೂ ಕೇಳಿಲ್ಲಲ್ರಿ" ಎಂದೆ. ಅವರ ಕಣ್ಣು ಅರಳಿತು. ಮಾರನೆಯ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಸಿದ್ದಮ್ಮ ನನ್ನ ಸಂಚಿನಲ್ಲಿ ಪಾಲುದಾರರು, ರೊಟ್ಟಿ ಗಂಟು ಹಿಡಿದು ಮುಂದೆ ಕೂತರು. ದಾರಿಯುದ್ದಕ್ಕೂ ಮಿಸ್ತ್ರಿ ಕಣ್ಣು ಮುಚ್ಚಿ ಕೇಳಿದರು. ಗುಲ್ಬರ್ಗಾದಲ್ಲಿ ಕಾರು ನಿಂತಾಗ ಕಣ್ಣು ತೆರೆದು ದವಾಖಾನೆಯ ಬೋರ್ಡು ನೋಡಿದರು.

"ಹಾಡ ಕೇಳಸ್ಲಿಕ್ಕೆ ಭಾಳ ಛಲೋ ಜಾಗಾ ಹುಡಕೀರಿ" ಎಂದರು. ಜಗಳ ಮಾಡಲಿಲ್ಲ. ಅದು ನನ್ನನ್ನು ಇನ್ನಷ್ಟು ಹೆದರಿಸಿತು.

ಡಾಕ್ಟರು ವಯಸ್ಸಾದವರು. ಮಿಸ್ತ್ರಿಯ ಅಂಗಿ ತೆಗೆಸಿ, ಬೆನ್ನ ಮೇಲೆ ಎಡಗೈಯ ನಡುಬೆರಳು ಊರಿ, ಬಲಗೈಯ ಬೆರಳಿನಿಂದ ಅದರ ಮೇಲೆ ತಟ್ಟತೊಡಗಿದರು. ಮಿಸ್ತ್ರಿಯ ಮೈ ಒಮ್ಮೆ ಬಿಗಿಯಿತು. ಆಮೇಲೆ ನಾನು ಕಂಡದ್ದನ್ನು ಮರೆಯುವಂತಿಲ್ಲ. ಅವರ ತಲೆ ಮೆಲ್ಲಗೆ ಎಡಕ್ಕೆ ವಾಲಿತು. ಕಣ್ಣು ಅರೆ ಮುಚ್ಚಿದವು. ಡಾಕ್ಟರ ಬೆರಳು ಕೆಳಗಿನಿಂದ ಮೇಲೆ ಬರುತ್ತಿತ್ತು. ಬಲಭುಜದ ಹತ್ತಿರ ಬಂದಾಗ ಮಿಸ್ತ್ರಿ, "ಸಾಹೇಬರ, ಅಲ್ಲೇ ಇನ್ನೊಮ್ಮೆ ತಟ್ರಿ" ಎಂದರು.

ಡಾಕ್ಟರು ಆಶ್ಚರ್ಯದಿಂದ ನೋಡಿ ಮತ್ತೆ ತಟ್ಟಿದರು. ಮಿಸ್ತ್ರಿ ತಲೆಯಾಡಿಸಿದರು. ಭಂಕೂರಿನ ಶೆಡ್ಡಿನ ಮುಂದೆ, ಬೇಡವಾದ ಕಲ್ಲನ್ನು ಪಕ್ಕಕ್ಕೆ ಸರಿಸುವಾಗ ಆಡಿಸುತ್ತಿದ್ದರಲ್ಲ, ಹಾಗೇ.

ಎದೆಯ ಫೋಟೋ ತೆಗೆಸಿದ ಮೇಲೆ ಡಾಕ್ಟರು ಹೇಳಿದರು. ಕಲ್ಲಿನ ಧೂಳು ಪುಪ್ಪುಸದಲ್ಲಿ ಕೂತು ಗಟ್ಟಿಯಾಗಿದೆ, ತೆಗೆಯಲು ಬರುವುದಿಲ್ಲ, ಗುಳಿಗೆಯಿಂದ ಒಂದಿಷ್ಟು ಆರಾಮ ಸಿಗಬಹುದು. "ಎಷ್ಟು ವರ್ಷ ಕಲ್ಲಿನ ಕೆಲಸ ಮಾಡಿದ್ದೀರಿ?" ಎಂದು ಕೇಳಿದರು.

"ಹನ್ನೆರಡ ವರ್ಷ ರಿ" ಎಂದರು ಮಿಸ್ತ್ರಿ. ಲೆಕ್ಕ ತಪ್ಪಬಾರದೆಂಬಂತೆ, "ಆಮ್ಯಾಲ ಹದಿನೆಂಟ ದಿನ" ಎಂದು ಸೇರಿಸಿದರು.

ಡಾಕ್ಟರು ನಕ್ಕು, ಹನ್ನೆರಡು ವರ್ಷದ ಮುಂದೆ ಹದಿನೆಂಟು ದಿನ ಯಾವ ಲೆಕ್ಕ ಎಂದರು. ನಾನು ಗೋಡೆ ಹಿಡಿದುಕೊಂಡು ನಿಂತಿದ್ದೆ.

ವಾಪಸು ಬರುವಾಗ ಸಿದ್ದಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಬಹಳ ದೂರ ಬಂದ ಮೇಲೆ ಮಿಸ್ತ್ರಿ, "ಹಾಡ ಹಚ್ಚು. ಸಣ್ಣಗ ಹಚ್ಚು" ಎಂದರು. ಹಚ್ಚಿದೆ. ನನಗೆ ತಡೆಯಲಾಗಲಿಲ್ಲ. ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ, ಹಿಂದೆ ತಿರುಗಿ, "ಮಿಸ್ತ್ರಿ, ನಾ ಅವಸರ ಮಾಡಲಿಲ್ಲಂದ್ರ ನೀವು ನೀರ ಹಾಕಿ ಕೊರೀತಿದ್ರಿ. ನನ್ನಿಂದ ಆಯ್ತು ರಿ" ಎಂದು ಅತ್ತುಬಿಟ್ಟೆ.

ಅವರು ಸುಳ್ಳು ಸಮಾಧಾನ ಹೇಳುವ ಮನುಷ್ಯರಲ್ಲ. "ನೀ ಅವಸರ ಮಾಡಿದಿ, ಖರೇ" ಎಂದರು. "ಆದ್ರ ನೀರ ತಂಬಗಿ ತಳ್ಳಿದ್ದು ನನ್ನ ಕಾಲು. ಯಾಕ ತಳ್ಳಿದೆ? ಆ ಕಲ್ಲು ಭಾಳ ಛಲೋ ಇತ್ತೋ ತಮ್ಮಾ. ಅದರ ಆವಾಜ ಕೇಳಕೋತ ಕೊರೀಬೇಕು ಅನಸ್ತು. ನಡಿ, ಗಾಡಿ ಬಿಡು."

ಆಮೇಲೆ ಒಂದು ಮಳೆಗಾಲ, ಒಂದು ಚಳಿಗಾಲ ಇದ್ದರು. ಸೇಡಂ, ಚಿತ್ತಾಪುರ ಎಲ್ಲಿಗೇ ಬಾಡಿಗೆ ಹೋಗಲಿ, ಬರುವಾಗ ಭಂಕೂರಿಗೆ ಹೋಗಿ ಬಾಗಿಲಲ್ಲಿ ನಿಂತು ಅವರ ಉಸಿರು ಕೇಳಿದರೇ ನನಗೆ ಮನೆಗೆ ಹೋಗಲು ಧೈರ್ಯ. ಬಿಡುವಿದ್ದಾಗ ಅವರು ನನಗೆ ಪಾಠ ಹೇಳುತ್ತಿದ್ದರು. ಅಂಗಳದಲ್ಲಿ ಉಳಿದಿದ್ದ ಕಲ್ಲುಗಳನ್ನು ತಟ್ಟಿಸಿ, ಇದು ಹೇಗಿದೆ, ಅದು ಹೇಗಿದೆ ಎಂದು ಕೇಳುವರು. ನಾನು ಪ್ರತಿ ಸಲ ತಪ್ಪು ಹೇಳುತ್ತಿದ್ದೆ. ಬಿರುಕಿದ್ದದ್ದು ನನಗೆ ಘಣ್ ಎನ್ನುತ್ತಿತ್ತು, ಇಲ್ಲದ್ದು ಡಬ್ ಎನ್ನುತ್ತಿತ್ತು. "ನಿನ್ನ ಕಿವಿ ಇನ್ನಾ ಕಣ್ಣು ತೆರದಿಲ್ಲೋ ತಮ್ಮಾ" ಎಂದು ನಕ್ಕು ಕೆಮ್ಮುವರು.

ಕೊನೆಯ ಸಲ ನೋಡಿದ್ದು ಒಂದು ಬೆಳಿಗ್ಗೆ. ಅಂಗಳದ ಬಿಸಿಲಿನಲ್ಲಿ ಹೊರಸಿನ ಮೇಲೆ, ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿದ್ದರು. ಅಂಗಿ ಹಾಕಿರಲಿಲ್ಲ, ಅಂಗಿಯೂ ಭಾರವಾಗುತ್ತಿತ್ತಂತೆ. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು. ಸಿದ್ದಮ್ಮ ಒಳಗೆ ಗಂಜಿ ಕಾಯಿಸುತ್ತಿದ್ದರು. ನಾನು ಹೊರಸಿನ ಅಂಚಿನಲ್ಲಿ ಕೂತೆ. ಕಾರಿನ ಸುದ್ದಿ ಹೇಳಿದೆ, ಡಬ್ಬಿ ಗಟ್ಟಿ ಇದೆ ಎಂದೆ. ಅವರು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ನನ್ನ ಬಲಗೈ ಹಿಡಿದು ಎಳೆದು ತಮ್ಮ ಎದೆಯ ಬಲಭಾಗದ ಮೇಲೆ ತಂದರು.

"ತಟ್ಟು" ಎಂದರು.

"ಬ್ಯಾಡ್ರಿ ಮಿಸ್ತ್ರಿ."

"ಕಲಿಸೀನಲ್ಲ. ತಟ್ಟು."

ಹೆಂಡತಿಗೂ ತಟ್ಟಗೊಡದ ಎದೆ ಅದು. ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದೆ. ಕಿವಿ ಹತ್ತಿರ ಒಯ್ಯುವುದೂ ಬೇಕಾಗಲಿಲ್ಲ, ಡಬ್ ಎಂದಿತು. ಆದರೂ ನಾನು, "ಘಣ್ ಅಂತದ ರಿ ಮಿಸ್ತ್ರಿ. ಬರೋಬ್ಬರಿ ಅದ" ಎಂದೆ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ನಕ್ಕರು. ಕೆಮ್ಮು ಬರಲಿಲ್ಲ, ಅಷ್ಟೂ ಉಸಿರು ಇರಲಿಲ್ಲ.

"ತೆರದಾವೋ ತಮ್ಮಾ" ಎಂದರು. "ಇವತ್ತ ನಿನ್ನ ಕಿವಿ ಕಣ್ಣು ತೆರದಾವ."